ಒಂದೇ ಆಲ್ಬಮ್, ಆರು ವೇಷ: ಯಾವ ರೆಕಾರ್ಡ್ ತಗೊಳ್ಳೋದು?

ಕಳೆದ ತಿಂಗಳು ಅಕ್ಕನ ಮಗ ಫೋನಿಗೆ ಆರು ಚಿತ್ರ ಕಳಿಸಿದ. ಆರೂ ಒಂದೇ ಆಲ್ಬಮ್ಮಿನ ಎಲ್‌ಪಿ, ಅಂದರೆ ಹನ್ನೆರಡಿಂಚಿನ ರೆಕಾರ್ಡು ತಟ್ಟೆ. ಒಂದು ಕಪ್ಪು, ಒಂದು ಗಾಜಿನ ಹಾಗೆ ಪಾರದರ್ಶಕ, ಒಂದು ಹಾಲಿನಂಥ ಬಿಳಿ, ಒಂದರ ಮೇಲೆ ಓಕುಳಿ ಎರಚಿದಂತೆ ಕೆಂಪು ಚುಕ್ಕೆಗಳು, ಒಂದು ಕತ್ತಲಲ್ಲಿ ಮಿನುಗುವಂಥದ್ದು. ಕೊನೆಯದರಲ್ಲಿ ಗಾಯಕಿಯ ಮುಖವೇ ತಟ್ಟೆಯ ತುಂಬ. ಕೆಳಗೊಂದು ಸಾಲು: "ಮಾಮ, ಯಾವುದು ತಗೊಳ್ಳಲಿ? ಇವತ್ತು ರಾತ್ರಿ ಹನ್ನೆರಡಕ್ಕೆ ಆರ್ಡರ್ ಬಂದ್."

ಆ ರಾತ್ರಿ ಅವನಿಗೆ ಎರಡೇ ಮಾತಿನಲ್ಲಿ ಉತ್ತರ ಕೊಟ್ಟೆ. ಆಮೇಲೆ ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕಾರು ಜನ ಬೇರೆಬೇರೆ ಆಲ್ಬಮ್ಮಿನ ಹೆಸರಲ್ಲಿ ಕೇಳಿದ್ದರಿಂದ ಉದ್ದದ ಉತ್ತರ ಬರೆಯುತ್ತಿದ್ದೇನೆ.

ಬಣ್ಣದ ರೆಕಾರ್ಡು ಹೊಸ ಹುಚ್ಚು ಅಂದುಕೊಂಡವರಿಗೆ ಮೊದಲು ಒಂದು ವಿಷಯ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ 45 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ, ಏಳಿಂಚಿನ ಪುಟ್ಟ ತಟ್ಟೆಗಳನ್ನು ಹೊರತಂದಾಗಲೇ ಸಂಗೀತದ ಬಗೆಗೆ ಒಂದೊಂದು ಬಣ್ಣ ಇಟ್ಟಿತ್ತು. ಶಾಸ್ತ್ರೀಯಕ್ಕೆ ಕೆಂಪು, ಹಳ್ಳಿಗಾಡಿನ ಕಂಟ್ರಿ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ. ಅಂಗಡಿಯವನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಬಿಟ್ಟರು. ಅಂದು ಬಣ್ಣ ನೋಡಿದರೆ ಒಳಗೆ ಯಾವ ಬಗೆಯ ಸಂಗೀತ ಇದೆ ಅಂತ ತಿಳಿಯುತ್ತಿತ್ತು. ಇವತ್ತು ಆರು ಬಣ್ಣದ ಒಳಗೂ ಅದೇ ಹಾಡು. ಟೇಲರ್ ಸ್ವಿಫ್ಟ್ ಅವರ 'ಮಿಡ್‌ನೈಟ್ಸ್' 2022ರಲ್ಲಿ ನಾಲ್ಕು ಬೇರೆ ಬಣ್ಣದ ತಟ್ಟೆಗಳಲ್ಲಿ ಬಂತು. ನಾಲ್ಕೂ ಕವರಿನ ಬೆನ್ನನ್ನು ಜೋಡಿಸಿಟ್ಟರೆ ಗಡಿಯಾರದ ಮುಖ ಮೂಡುತ್ತಿತ್ತು, ಗೋಡೆಗೆ ಹಾಕಲು ಮುಳ್ಳುಗಳ ಕಿಟ್ಟನ್ನೂ ಮಾರಿದರು. ಒಂದು ಕೊಂಡವನಿಗೆ ಕಾಲು ಗಡಿಯಾರ! ಅದೇ ವರ್ಷ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ರೆಕಾರ್ಡು, 3.3 ಕೋಟಿ ಸಿಡಿ ಮಾರಾಟವಾದವು. 1987ರ ನಂತರ ಸಂಖ್ಯೆಯಲ್ಲಿ ರೆಕಾರ್ಡು ಸಿಡಿಯನ್ನು ಹಿಂದೆ ಹಾಕಿದ್ದು ಅದೇ ಮೊದಲು. ಆ ಗುಡ್ಡದಲ್ಲಿ ಬಣ್ಣದ ಪಾಲು ಸಣ್ಣದಲ್ಲ.

ಹಾಗಾಗಿ "ಯಾವ ಬಣ್ಣ ಚೆಂದ" ಅನ್ನುವುದಕ್ಕೂ ಮೊದಲು ಬೇರೆ ನಾಲ್ಕು ಪ್ರಶ್ನೆಗಳಿವೆ.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ದೊಡ್ಡದು ಇದು: ಅಲಂಕಾರ ಇರುವುದು ಪ್ಲಾಸ್ಟಿಕ್ಕಿನ ಒಳಗೋ, ಅದರ ಕೆಳಗೋ? ವಿನೈಲ್ ಅಂದರೆ ಪಿವಿಸಿ ಅನ್ನುವ ಪ್ಲಾಸ್ಟಿಕ್. ಅದಕ್ಕೆ ಹುಟ್ಟಿನಿಂದ ಬಣ್ಣವೇ ಇಲ್ಲ. ಕಾಡಿಗೆಯಂಥ ಇಂಗಾಲದ ಪುಡಿ ಬೆರೆಸುವುದರಿಂದ ಅದು ಕಪ್ಪಾಗುತ್ತದೆ. ಕಾರ್ಖಾನೆಯಲ್ಲಿ ಪಿವಿಸಿ ಕಾಳುಗಳನ್ನು ಕಾಯಿಸಿ ರಾಗಿಮುದ್ದೆಯಷ್ಟು ಗಾತ್ರದ ಉಂಡೆ ಮಾಡುತ್ತಾರೆ. ಅದರ ಮೇಲೊಂದು ಕೆಳಗೊಂದು ಲೇಬಲ್ ಇಟ್ಟು, ಎರಡು ಲೋಹದ ಅಚ್ಚುಗಳ ನಡುವೆ ನೂರು ಟನ್ನಿನ ಆಸುಪಾಸಿನ ಒತ್ತಡದಲ್ಲಿ ಅದುಮುತ್ತಾರೆ. ಮುದ್ದೆ ರೊಟ್ಟಿಯಾಗುತ್ತದೆ, ಹಾಡಿನ ಗೆರೆ ಮೂಡುತ್ತದೆ, ಅಂಟಿಲ್ಲದೆಯೇ ಲೇಬಲ್ ಕೂತುಬಿಡುತ್ತದೆ. ಮುದ್ದೆಗೇ ಬಣ್ಣ ಕಲಸಿದ್ದರೆ ಗೆರೆ ಮೂಡುವ ರೀತಿ ಬದಲಾಗುವುದಿಲ್ಲ. ಆದರೆ ಚಿತ್ರದ ತಟ್ಟೆಯಲ್ಲಿ ಕಾಗದದ ಚಿತ್ರದ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಗೆರೆಯನ್ನು ಆ ಹಾಳೆಯಲ್ಲಿ ಒತ್ತುತ್ತಾರೆ. ಪ್ಲೇಯರಿನ ಮುಳ್ಳು ಓಡುವುದು ಮುದ್ದೆಯ ಮೇಲಲ್ಲ, ಹೊದಿಕೆಯ ಮೇಲೆ. ಇಷ್ಟು ತಿಳಿದರೆ ಅರ್ಧ ಗೊಂದಲ ಮುಗಿಯಿತು.

ಎರಡನೆಯದು, ತಟ್ಟೆ ತಿರುಗುವುದು ಯಾವುದರ ಮೇಲೆ? ಸೂಟ್‌ಕೇಸಿನಂಥ ಅಗ್ಗದ ಪ್ಲೇಯರುಗಳಲ್ಲಿ ಮುಳ್ಳಿನ ಭಾರ ಐದು ಗ್ರಾಂ ದಾಟುವುದುಂಟು. ಸಾಧಾರಣ ಒಳ್ಳೆಯ ಟರ್ನ್‌ಟೇಬಲ್ಲಿನಲ್ಲಿ ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಎರಡು ಗ್ರಾಂ ಹತ್ತಿರದ ಭಾರದಲ್ಲಿ ಕೂರುತ್ತದೆ. ಮೊದಲ ಜಾತಿಯದು ನಿಮ್ಮಲ್ಲಿದ್ದರೆ ಬಣ್ಣದ ಶಬ್ದಭೇದದ ಚರ್ಚೆಗೆ ಅರ್ಥವಿಲ್ಲ. ಹೆಚ್ಚುವರಿ ದುಡ್ಡನ್ನು ಕೂಡಿಟ್ಟು ಮೊದಲು ಪ್ಲೇಯರ್ ಬದಲಿಸಿ.

ಮೂರನೆಯದು, ಬೇರೆಬೇರೆ ಬಣ್ಣದವು ಒಂದೇ ಅಚ್ಚಿನಿಂದ ಬಂದವೇ? ಬಹುಪಾಲು ಬಂದಿರುತ್ತವೆ. ಒಂದು ಲೋಹದ ಅಚ್ಚಿನಿಂದ ಸುಮಾರು ಸಾವಿರ ತಟ್ಟೆ ತೆಗೆದು ಇನ್ನೊಂದಕ್ಕೆ ಹೋಗುತ್ತಾರೆ, ನಡುವೆ ಬಣ್ಣ ಬದಲಿಸುತ್ತಾರೆ ಅಷ್ಟೆ. "ಕೆಂಪು ತಟ್ಟೆ ಚೆನ್ನಾಗಿ ಕೇಳುತ್ತೆ" ಅಂತ ಯಾರಾದರೂ ಹೇಳಿದರೆ ಅವರ ಕೈಗೆ ಬಂದ ಪ್ರತಿ ಚೆನ್ನಾಗಿತ್ತು ಅಂತ ಅರ್ಥ ಮಾಡಿಕೊಳ್ಳಿ. ಆಲ್ಬಮ್ಮನ್ನು ಎಷ್ಟು ಬದಿಗೆ ಹಂಚಿದ್ದಾರೆ ಅನ್ನುವುದು ಬಣ್ಣಕ್ಕಿಂತ ಎಷ್ಟೋ ಹೆಚ್ಚು ಮುಖ್ಯ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಬದಿಗೆ ಹದಿನೆಂಟು, ಇಪ್ಪತ್ತೆರಡು ನಿಮಿಷ ಆರಾಮ. ಐವತ್ತೈದು ನಿಮಿಷದ ಆಲ್ಬಮ್ಮನ್ನು ಒಂದೇ ತಟ್ಟೆಗೆ ತುರುಕಿದ್ದರೆ ಗೆರೆಗಳು ಇಕ್ಕಟ್ಟಾಗಿ ಸದ್ದು ಕುಗ್ಗುತ್ತದೆ, ಅದು ಚಿನ್ನದ ಬಣ್ಣದ್ದಾದರೂ ಸರಿ.

ನಾಲ್ಕನೆಯದು ದುಡ್ಡು ಮತ್ತು ಜಾಗ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಪ್ಪು

ಇದರ ಪರವಾಗಿ ಹೇಳಬೇಕಾದ್ದು ಕಡಿಮೆ, ಆದರೆ ಗಟ್ಟಿ. ಇಂಗಾಲದ ಪುಡಿ ಪ್ಲಾಸ್ಟಿಕ್ಕಿಗೆ ಬಲ ಕೊಡುತ್ತದೆ. ಕಾರ್ಖಾನೆಗಳಿಗೆ ಈ ಮಿಶ್ರಣದ ಹದ ದಶಕಗಳಿಂದ ಕೈಗೆ ಹತ್ತಿದೆ. ಬಣ್ಣ ಬದಲಿಸುವಾಗ ಯಂತ್ರ ತೊಳೆಯುವ, ಹದ ತಪ್ಪುವ ರಗಳೆ ಇಲ್ಲ. ಬೆಲೆ ಸಾಮಾನ್ಯವಾಗಿ ಎಲ್ಲಕ್ಕಿಂತ ಕಡಿಮೆ, ಸ್ಟಾಕ್ ಬೇಗ ಮುಗಿಯುವುದಿಲ್ಲ. ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಗೀರು, ಧೂಳು, ಎರಡು ಹಾಡಿನ ನಡುವಿನ ಪಟ್ಟಿ ಎಲ್ಲ ಸ್ಪಷ್ಟ. ಬೇಕಾದ ಹಾಡಿನ ಮೇಲೆ ಮುಳ್ಳು ಇಳಿಸುವ ಅಭ್ಯಾಸ ಇರುವವರಿಗೆ ಇದು ಸಣ್ಣ ಮಾತಲ್ಲ. ಕಲ್ಕತ್ತೆಯ ದಮ್ ದಮ್‌ನ ಎಚ್‌ಎಂವಿ ಕಾರ್ಖಾನೆಯಿಂದ ಬಂದು ನಮ್ಮ ಮನೆಗಳ ಟ್ರಂಕಿನಲ್ಲಿ ಉಳಿದಿರುವ ತಟ್ಟೆಗಳು ಹೆಚ್ಚುಕಮ್ಮಿ ಎಲ್ಲ ಕಪ್ಪೇ. ಐವತ್ತು ವರ್ಷದ ಮೇಲೂ ತೊಳೆದು ಹಾಕಿದರೆ ಹಾಡುತ್ತವೆ.

ಕಪ್ಪು ಅಂದರೆ ಬೋಳು ಅಂತಲೂ ಅಲ್ಲ. ಅಮೆರಿಕದ ರಾಕ್ ಗಾಯಕ ಜಾಕ್ ವೈಟ್ 2014ರಲ್ಲಿ ತಂದ 'ಲಾಜರೆಟೊ' ಎಲ್‌ಪಿ ಕಪ್ಪು ತಟ್ಟೆಯೇ. ಆದರೆ ಲೇಬಲ್ಲಿನ ಕೆಳಗೆ ಬಚ್ಚಿಟ್ಟ ಹಾಡು, ಒಳಗಿನಿಂದ ಹೊರಕ್ಕೆ ಓಡುವ ಒಂದು ಬದಿ, ಹಾಡು ಮುಗಿದ ಮೇಲಿನ ಖಾಲಿ ಪಟ್ಟಿಯಲ್ಲಿ ಲೈಟು ಬಿದ್ದಾಗ ತೇಲುವ ಹೊಲೊಗ್ರಾಂ. ಅಲಂಕಾರವನ್ನು ಹಾಡಿನ ಗೆರೆಗೆ ತಾಗಿಸದೆ ಮಾಡಿದ ಕೆಲಸ. ನನ್ನ ಕಣ್ಣಿಗೆ ಆರು ಬಣ್ಣ ಕಲಸಿ ಎರಚುವುದಕ್ಕಿಂತ ಹೆಚ್ಚು ಜಾಣತನ ಅದರಲ್ಲಿದೆ.

ಒಂದೇ ಬಣ್ಣ, ಮತ್ತು ಪಾರದರ್ಶಕ

ಕೆಂಪು, ನೀಲಿ, ಹಳದಿ ಹೀಗೆ ಇಡೀ ತಟ್ಟೆಗೆ ಒಂದೇ ಬಣ್ಣದ್ದು ಅಲಂಕಾರದ ರೆಕಾರ್ಡುಗಳಲ್ಲೇ ಅತ್ಯಂತ ನಿರಪಾಯದ ಆಯ್ಕೆ. ಒಳ್ಳೆಯ ಕಾರ್ಖಾನೆಯಲ್ಲಿ ಒತ್ತಿದ್ದಾದರೆ ಕಣ್ಣು ಮುಚ್ಚಿ ಕೇಳಿದಾಗ ಕಪ್ಪಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ನನ್ನಿಂದಂತೂ ಆಗಿಲ್ಲ. ನನ್ನ ಕಪಾಟಿನಲ್ಲಿ ಹತ್ತಿರ ಮೂವತ್ತು ಇಂಥವಿವೆ. ಅವುಗಳಲ್ಲಿ ಚಟಪಟ ಸದ್ದು ಮಾಡುವ ಮೂರಕ್ಕೆ ಕಾರಣ ಬಣ್ಣವಲ್ಲ, ಅವಸರದಲ್ಲಿ ಒತ್ತಿದ್ದು. ಅಂಥದ್ದೇ ಎರಡು ಕಪ್ಪಿನಲ್ಲೂ ಇವೆ.

ಬಿಳಿಯದರ ತಕರಾರು ಬೇರೆ. ಅದರ ಮೇಲೆ ಗೆರೆ ಕಾಣುವುದಿಲ್ಲ. ಯಾವ ಹಾಡು ಎಲ್ಲಿ ಶುರು ಅಂತ ಹುಡುಕಲು ಮೊಬೈಲ್ ಟಾರ್ಚು ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗೀರನ್ನೂ ಗುರುತಿಸಲಾಗುವುದಿಲ್ಲ. ಆದರೆ ಬೆರಳಿನ ಕೊಳೆ, ಕೂದಲು ಮಾತ್ರ ಎದ್ದು ಕಾಣುತ್ತವೆ.

ಪಾರದರ್ಶಕವಾದದ್ದರ ಚೆಲುವೇ ಬೇರೆ. ಕಿಟಕಿಯ ಬೆಳಕಿಗೆ ಹಿಡಿದರೆ ಗೆರೆಗಳು ನೀರಿನ ಅಲೆಯ ಹಾಗೆ ಕಾಣುತ್ತವೆ. ಒಂದು ಎಚ್ಚರ ಹೇಳಲೇಬೇಕು. ಹಳೆಯ ಕೆಲವು ಆಟೊಮ್ಯಾಟಿಕ್ ಟರ್ನ್‌ಟೇಬಲ್ಲುಗಳು, ಅದರಲ್ಲೂ ಮುಚ್ಚಳದಲ್ಲೇ ಟೋನ್ ಆರ್ಮ್ (ಮುಳ್ಳು ಹೊತ್ತ ತೋಳು) ಇರುವ ಎಂಬತ್ತರ ದಶಕದವು, ತಟ್ಟೆ ಇದೆಯೋ ಇಲ್ಲವೋ, ಎಷ್ಟು ದೊಡ್ಡದು ಅನ್ನುವುದನ್ನು ಬೆಳಕಿನ ಸೆನ್ಸರಿನಿಂದ ತಿಳಿಯುತ್ತವೆ. ಪಾರದರ್ಶಕ ತಟ್ಟೆ ಇಟ್ಟರೆ "ಏನೂ ಇಲ್ಲವಲ್ಲ" ಅಂತ ಸುಮ್ಮನೆ ಕೂತುಬಿಡುತ್ತವೆ. ಅಣ್ಣನೋ ಚಿಕ್ಕಪ್ಪನೋ ದುಬೈಯಿಂದ ತಂದ ಅಂಥ ಮ್ಯೂಸಿಕ್ ಸಿಸ್ಟಂ ನಿಮ್ಮ ಮನೆಯಲ್ಲಿದ್ದರೆ ಮೊದಲು ಪರೀಕ್ಷಿಸಿ. ಕೈಯಿಂದ ಮುಳ್ಳು ಇಡುವ ಪ್ಲೇಯರಿಗೆ ಈ ತೊಂದರೆ ಇಲ್ಲ.

ಓಕುಳಿ, ಮಾರ್ಬಲ್, ಅರ್ಧಂಬರ್ಧ

ಸ್ಪ್ಲ್ಯಾಟರ್ ಅನ್ನುವುದರಲ್ಲಿ ಬಿಸಿ ಉಂಡೆಯ ಮೇಲೆ ಬೇರೆ ಬಣ್ಣದ ಕಾಳುಗಳನ್ನು ಉದುರಿಸಿ ಒತ್ತುತ್ತಾರೆ. ಒತ್ತಡಕ್ಕೆ ಅವು ನಡುವಿನಿಂದ ಅಂಚಿಗೆ ಸಿಡಿದು ಹರಡುತ್ತವೆ. ಮಾರ್ಬಲ್‌ನಲ್ಲಿ ಎರಡು ಮೂರು ಬಣ್ಣದ ಪ್ಲಾಸ್ಟಿಕ್ ಸರಿಯಾಗಿ ಬೆರೆಯುವ ಮುನ್ನವೇ ಒತ್ತುತ್ತಾರೆ. ಅರ್ಧ ಕೆಂಪು ಅರ್ಧ ಹಳದಿ ಬೇಕೆಂದರೆ ಎರಡು ಅರ್ಧ ಉಂಡೆ ಜೋಡಿಸುತ್ತಾರೆ. ನಮ್ಮ ಬಾವುಟದ ಬಣ್ಣದಲ್ಲಿ ಒಂದು ಕನ್ನಡ ಆಲ್ಬಮ್ ಯಾರಾದರೂ ತಂದರೆ ನಾನು ಮೊದಲ ಗಿರಾಕಿ, ಅದು ಬೇರೆ ಮಾತು.

ಎಷ್ಟಾದರೂ ಕೈಕೆಲಸ ಇರುವುದರಿಂದ ಎರಡು ಪ್ರತಿ ಒಂದೇ ಥರ ಇರುವುದಿಲ್ಲ. ಇದೇ ಇದರ ಸೊಗಸು, ಇದೇ ಇದರ ಜಗಳ. ವೆಬ್‌ಸೈಟಿನಲ್ಲಿ ತೋರಿಸುವುದು ಬಹುತೇಕ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ, ತಟ್ಟೆ ಆಗಿನ್ನೂ ಒತ್ತಿರುವುದೇ ಇಲ್ಲ. ಚಿತ್ರದಲ್ಲಿ ರಂಗೋಲಿಯಂತೆ ಅಚ್ಚುಕಟ್ಟಾಗಿ ಸಿಡಿದ ಕೆಂಪು, ಕೈಗೆ ಬಂದಾಗ ಅಡಿಕೆ ಉಗಿದ ಹಾಗೆ ಇರಬಹುದು. ನನಗೆ ಒಮ್ಮೆ ನೀಲಿ-ಬೆಳ್ಳಿ ಮಾರ್ಬಲ್ ಅಂತ ಬಂದದ್ದು ಅಪ್ಪಟ ಸಿಮೆಂಟ್ ಬಣ್ಣದ್ದು. ವಾಪಸು ಕೇಳಿದರೆ "ಪ್ರತಿಯೊಂದೂ ವಿಶಿಷ್ಟ" ಅನ್ನುವ ಸಾಲನ್ನು ತೋರಿಸಿದರು. ವಿಶಿಷ್ಟವೇನೋ ಹೌದು.

ಸದ್ದಿನ ಮಟ್ಟಿಗೆ ಇವು ಒಂದೇ ಬಣ್ಣದವಕ್ಕಿಂತ ತುಸು ಅಪಾಯದವು. ಬೇರೆಬೇರೆ ಬಣ್ಣದ ಮಿಶ್ರಣ ಬೇರೆಬೇರೆ ಹದದಲ್ಲಿ ಕರಗಿದರೆ ಅವು ಕೂಡುವ ಕಡೆ ಗೆರೆ ಪೂರ್ತಿ ತುಂಬದೆ ಉಳಿಯಬಹುದು. ಆಗ ಮುಳ್ಳು ಅಲ್ಲಿ ಹಾದಾಗ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ. ಪ್ರತಿ ಸಲ ಆಗುವುದಿಲ್ಲ, ಆಗುವ ಸಾಧ್ಯತೆ ಹೆಚ್ಚು ಅಷ್ಟೆ. ಡ್ರಮ್ಮು, ಗಿಟಾರು ಮೊರೆಯುವ ಆಲ್ಬಮ್ಮಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಒಂಟಿ ಪಿಯಾನೊ, ಪಿಸುದನಿಯ ಹಾಡುಗಾರಿಕೆ ಇದ್ದರೆ ಪ್ರತಿ ಚಟ್ ಕಿವಿಗೆ ಬಡಿಯುತ್ತದೆ. ನಾನು ಪಾಲಿಸುವ ಪದ್ಧತಿ ಇಷ್ಟು: ಗದ್ದಲದ ಆಲ್ಬಮ್ಮಿಗೆ ಓಕುಳಿ, ಮೆಲುದನಿಯದಕ್ಕೆ ಒಂದೇ ಬಣ್ಣ ಅಥವಾ ಕಪ್ಪು.

ಮರುಬಳಕೆಯದು

ಈಚಿನ ವರ್ಷಗಳಲ್ಲಿ "ಇಕೊ-ಮಿಕ್ಸ್" ಅನ್ನುವ ಹೆಸರು ಹೆಚ್ಚು ಕಾಣುತ್ತದೆ. ಬೇರೆಬೇರೆ ರೆಕಾರ್ಡು ಒತ್ತುವಾಗ ಉಳಿದ ಕಾಳು, ಅಂಚಿನಿಂದ ಕತ್ತರಿಸಿದ ಚೂರು ಎಲ್ಲ ಪುಡಿ ಮಾಡಿ ಮತ್ತೆ ಒತ್ತಿದ್ದು. ಯಾವ ಬಣ್ಣ ಬರುತ್ತದೋ ಕಾರ್ಖಾನೆಯವರಿಗೂ ಗೊತ್ತಿರುವುದಿಲ್ಲ. ಬಯೋವಿನೈಲ್ ಇನ್ನೊಂದು. ಅಲ್ಲಿ ಪಿವಿಸಿಗೆ ಬೇಕಾದ ಪೆಟ್ರೋಲಿಯಂ ಮೂಲದ ಬದಲು ಕರಿದುಳಿದ ಅಡುಗೆಎಣ್ಣೆಯಂಥದ್ದರ ಲೆಕ್ಕ ಹಿಡಿಯುತ್ತಾರೆ. ತಟ್ಟೆ ಮಾತ್ರ ಮಾಮೂಲಿ ಪಿವಿಸಿಯೇ. ಮೂರನೆಯದು ಪಿವಿಸಿಯನ್ನೇ ಬಿಟ್ಟು ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನಿಂದ ಮಾಡಿದ್ದು. ಕೋಲ್ಡ್‌ಪ್ಲೇ ತಂಡದ 'ಮೂನ್ ಮ್ಯೂಸಿಕ್' 2024ರಲ್ಲಿ ಹೀಗೆ ಬಂತು, ಒಂದು ತಟ್ಟೆಗೆ ಒಂಬತ್ತು ಬಾಟಲಿ ಅಂತ ಲೆಕ್ಕ ಕೊಟ್ಟಿದ್ದರು.

2024ರ ಮಾರ್ಚ್‌ನಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಸಂದರ್ಶನದಲ್ಲಿ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಒಂದೇ ಆಲ್ಬಮ್ಮನ್ನು ಹತ್ತಾರು ವೇಷದಲ್ಲಿ ಮಾರುವ ದೊಡ್ಡ ಕಲಾವಿದರ ಪದ್ಧತಿಯನ್ನು ಟೀಕಿಸಿದರು. ಎರಡು ತಿಂಗಳಿಗೆ ಬಂದ ಅವರದೇ ಆಲ್ಬಮ್ಮೂ ಹಲವು ಬಣ್ಣದಲ್ಲಿ ಬಂತು, ಆದರೆ ಮರುಬಳಕೆಯ ಪ್ಲಾಸ್ಟಿಕ್ ಮತ್ತು ಬಯೋವಿನೈಲ್‌ನಲ್ಲಿ. ಪರಿಸರದ ಚಿಂತೆ ನಿಜವಾಗಿ ಇದ್ದರೆ ಹಸಿರು ಹೆಸರಿನ ಮೂರು ಬಣ್ಣ ಕೊಳ್ಳುವುದಕ್ಕಿಂತ ಯಾವುದಾದರೂ ಒಂದನ್ನು ಕೊಳ್ಳುವುದು ಒಳ್ಳೆಯದು. ಬಣ್ಣ ಯಾವುದೇ ಇರಲಿ ಅನ್ನುವ ಮನಸ್ಸಿದ್ದವರಿಗೆ ಇಕೊ-ಮಿಕ್ಸ್ ಲಾಟರಿಯ ಖುಷಿಯನ್ನೂ ಕೊಡುತ್ತದೆ. ನನ್ನಲ್ಲಿರುವ ಎರಡೂ ಚಟಪಟ ಸದ್ದಿಲ್ಲದೆ ಹಾಡುತ್ತವೆ. ಒಂದು ಆಲಿವ್ ಹಸಿರು, ಇನ್ನೊಂದರ ಬಣ್ಣಕ್ಕೆ ನನ್ನ ಹೆಂಡತಿ ಇಟ್ಟ ಹೆಸರು "ಹುಣಸೆ ಗೊಜ್ಜು".

ಕತ್ತಲಲ್ಲಿ ಮಿನುಗುವುದು

ಹೊಳೆಯುವ ಪುಡಿ ಖನಿಜದ ಪುಡಿ. ಪ್ಲಾಸ್ಟಿಕ್ಕಿನಲ್ಲಿ ಕರಗುವುದಿಲ್ಲ, ಕಣಗಳಾಗಿಯೇ ಉಳಿಯುತ್ತದೆ. ಮುಳ್ಳಿಗೆ ಅದು ತಿಳಿಯುತ್ತದೆ. ಹಿನ್ನೆಲೆಯಲ್ಲಿ ಸಣ್ಣ ಮಳೆ ಸುರಿದಂಥ ಸದ್ದು ಇದ್ದೇ ಇರುತ್ತದೆ. ಹೊಳಪೂ ಮೊದಲ ಕೆಲವು ನಿಮಿಷ ಜೋರು, ಆಮೇಲೆ ಮಂಕು. ಒಂದೇ ಒಂದು ಇರಲಿ, ಅತಿಥಿಗಳಿಗೆ ತೋರಿಸೋಕೆ.

ಚಿತ್ರದ ತಟ್ಟೆ

ಜನ ಹೆಚ್ಚು ಆಸೆ ಪಡುವುದೂ ಹೆಚ್ಚು ಬೇಸರ ಪಡುವುದೂ ಇದರಿಂದಲೇ. ಇದರ ಒಳಗಿನ ರಚನೆ ಮೇಲೆ ಹೇಳಿದೆ: ನಡುವೆ ವಿನೈಲ್, ಎರಡೂ ಕಡೆ ಅಚ್ಚಾದ ಚಿತ್ರ, ಅದರ ಮೇಲೆ ತೆಳು ಹೊದಿಕೆ. ಆ ಹೊದಿಕೆಯಲ್ಲಿ ಮೂಡಿದ ಗೆರೆ ಕಪ್ಪು ತಟ್ಟೆಯಷ್ಟು ನಿಶ್ಶಬ್ದವಾಗಿರುವುದು ಅಪರೂಪ. ಹಾಡಿನ ನಡುವೆ ಸರಸರ ಅನ್ನುವ ಹಿನ್ನೆಲೆ ಇರುತ್ತದೆ. ಈಚಿನವು ಹಳೆಯವಕ್ಕಿಂತ ಸುಧಾರಿಸಿವೆ ನಿಜ, ಆದರೂ ಅದೇ ಆಲ್ಬಮ್ಮಿನ ಕಪ್ಪು ಪ್ರತಿಯ ಪಕ್ಕ ಇಟ್ಟು ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಡುಗಳ ನಡುವಿನ ಪಟ್ಟಿ ಚಿತ್ರದ ಗದ್ದಲದಲ್ಲಿ ಕಾಣೆಯಾಗುತ್ತದೆ.

ಇನ್ನೊಂದು ತೊಡಕು ಪೊಟ್ಟಣದ್ದು. ಚಿತ್ರ ಕಾಣಲಿ ಅಂತ ಇವನ್ನು ಮೆತ್ತನೆಯ ಪಿವಿಸಿ ಚೀಲದಲ್ಲಿ, ನಡುವೆ ತೂತಿರುವ ಕವರಿನಲ್ಲಿ ಮಾರುತ್ತಾರೆ. ಆ ಚೀಲದಲ್ಲಿ ಪ್ಲಾಸ್ಟಿಕ್ ಮೆದುವಾಗಲು ಹಾಕಿದ ರಾಸಾಯನಿಕ ವರ್ಷಾನುಗಟ್ಟಲೆ ಜಿನುಗಿ ತಟ್ಟೆಯ ಮೇಲೆ ಮಂಜು ಕವಿದಂತೆ ಕೂರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಸೆಕೆಯ ಊರಿನಲ್ಲಿ ಇದು ಇನ್ನೂ ಬೇಗ. ಕೊಂಡ ದಿನವೇ ತಟ್ಟೆಯನ್ನು ಪಾಲಿಥೀನ್ ಒಳಚೀಲಕ್ಕೆ ಬದಲಿಸಿ, ಮೂಲ ಚೀಲವನ್ನು ಹಿಂದೆ ಇಟ್ಟುಕೊಳ್ಳಿ.

ಆದರೆ ಇದನ್ನು ಬೈದು ಬಿಸಾಡುವವನು ನಾನಲ್ಲ. ಹನ್ನೆರಡಿಂಚಿನ ದುಂಡು ಚಿತ್ರ ಗೋಡೆಯ ಮೇಲೆ ಎಷ್ಟು ಚೆಂದ! ಗೋಡೆಗೆಂದೇ ಕೊಳ್ಳುವುದಾದರೆ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಹಾಡು ಕೇಳಲು ಫೋನು ಇದ್ದೇ ಇದೆ. ಅಮೆರಿಕದಲ್ಲಿ ಸಂಗೀತ ಮಾರಾಟದ ಲೆಕ್ಕ ಇಡುವ ಲ್ಯುಮಿನೇಟ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಹಿಂದಿನ ಹನ್ನೆರಡು ತಿಂಗಳಲ್ಲಿ ವಿನೈಲ್ ಕೊಂಡವರಲ್ಲಿ ಪ್ಲೇಯರ್ ಇದ್ದದ್ದು ಅರ್ಧದಷ್ಟು ಜನಕ್ಕೆ ಮಾತ್ರ. ಉಳಿದವರೇನೂ ಮೂರ್ಖರಲ್ಲ, ಅವರು ಕೊಂಡದ್ದು ಪಟ.

ಚಿತ್ರದ ತಟ್ಟೆಯ ತಮ್ಮ ಜೋಇಟ್ರೋಪ್. ತಟ್ಟೆಯ ಸುತ್ತ ಸ್ವಲ್ಪ ಸ್ವಲ್ಪ ಬದಲಾಗುವ ಪುಟ್ಟ ಚಿತ್ರಗಳು, ತಿರುಗುವಾಗ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಕುದುರೆ ಓಡುತ್ತದೆ, ಹೂವು ಅರಳುತ್ತದೆ. ಲೆಕ್ಕ ಸರಳ. 33⅓ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಸೆಕೆಂಡಿಗೆ 25 ಫ್ರೇಮಿನ ವಿಡಿಯೊ ಆದರೆ ಸುತ್ತಿಗೆ 45 ಚಿತ್ರ, 30 ಆದರೆ 54 ಚಿತ್ರ ಬೇಕು. ತಟ್ಟೆಯನ್ನು ಯಾವುದಕ್ಕೆ ಮಾಡಿದ್ದಾರೋ ಫೋನನ್ನೂ ಅದಕ್ಕೇ ಹೊಂದಿಸಬೇಕು, ಇಲ್ಲದಿದ್ದರೆ ಕುದುರೆ ಜಾರುತ್ತದೆ. ಒಳ್ಳೆಯ ಬೆಳಕೂ ಬೇಕು. ಬರಿಗಣ್ಣಿಗೆ ಕಾಣುವುದು ಕಲಸಿದ ಬಣ್ಣ ಮಾತ್ರ. ಮಕ್ಕಳಿರುವ ಮನೆಯಲ್ಲಿ ಇದರ ಮುಂದೆ ಟಿವಿ ಸೋಲುತ್ತದೆ.

ಒಂದು ಬದಿ ಚಿತ್ರಕ್ಕೇ ಬಿಟ್ಟುಕೊಟ್ಟದ್ದು

ಚಿತ್ರವೂ ಬೇಕು, ಸದ್ದೂ ಕೆಡಬಾರದು ಅನ್ನುವವರಿಗೆ ಒಂದು ದಾರಿ ಇದೆ, ದುಬಾರಿಯದು. ತಟ್ಟೆಯ ಒಂದು ಬದಿಯಲ್ಲಿ ಹಾಡು, ಇನ್ನೊಂದು ಬದಿಯಲ್ಲಿ ಗೆರೆಯೇ ಇಲ್ಲದೆ ಚಿತ್ರ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಐವತ್ತರ ನೆನಪಿನ ಒಂದು ಆವೃತ್ತಿ 2024ರಲ್ಲಿ ಹೀಗೆ ಬಂತು. ಪಾರದರ್ಶಕ ತಟ್ಟೆ, ಗೆರೆ ಇಲ್ಲದ ಬದಿಗೆ ಯುವಿ ಮುದ್ರಣದ ಚಿತ್ರ, ಆ ಕಡೆಯಿಂದ ಈ ಕಡೆಗೆ ಕಾಣುತ್ತದೆ. ಬೆಲೆ ತೆತ್ತದ್ದು ಎಲ್ಲಿ ಅಂದರೆ, ಒಂದು ತಟ್ಟೆಯಲ್ಲಿ ಮುಗಿಯಬೇಕಾದ ಆಲ್ಬಮ್ಮಿಗೆ ಎರಡು ತಟ್ಟೆ ಬೇಕಾಯಿತು.

ಇದರ ಅಗ್ಗದ ರೂಪ ಎಚಿಂಗ್. ಮೂರು ಬದಿಗೆ ಮುಗಿದುಹೋಗುವ ಜೋಡಿ ಆಲ್ಬಮ್ಮಿನ ನಾಲ್ಕನೆಯ ಬದಿ ಖಾಲಿ ಉಳಿಯುವ ಬದಲು ಅದರ ಮೇಲೆ ಚಿತ್ರ ಕೆತ್ತಿರುತ್ತಾರೆ. ಹಾಡಿಗೆ ಏನೂ ನಷ್ಟವಿಲ್ಲ, ಹೆಚ್ಚು ದುಡ್ಡೂ ಕೇಳುವುದಿಲ್ಲ. ಅಲಂಕಾರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಆ ಬದಿಯ ಮೇಲೆ ಮುಳ್ಳು ಮಾತ್ರ ಇಡಬೇಡಿ, ಹಾಡು ಬರುವುದಿಲ್ಲ, ಮುಳ್ಳು ಹೋಗುತ್ತದೆ.

ಒಳಗೆ ನೀರು ತುಂಬಿದವು, ನಕ್ಷತ್ರದ ಆಕಾರಕ್ಕೆ ಕತ್ತರಿಸಿದವು, ಫ್ಲೇಮಿಂಗ್ ಲಿಪ್ಸ್ ತಂಡ 2012ರಲ್ಲಿ ಮಾಡಿದ ಹಾಗೆ ಕಲಾವಿದರ ರಕ್ತವನ್ನೇ ತುಂಬಿದವು, ಇವುಗಳ ಬಗ್ಗೆ ಹೋಲಿಕೆ ಬರೆಯುವುದು ವ್ಯರ್ಥ. ನೀರು ಸೋರುತ್ತದೆ, ಆಕಾರದ ತಟ್ಟೆಯಲ್ಲಿ ಹಾಡು ಹಿಡಿಸುವುದು ನಡುವಿನ ಸಣ್ಣ ವೃತ್ತದಷ್ಟು. ಬೇಕೆನಿಸಿದವರು ನಾನು ಬೇಡ ಅಂದರೂ ಕೊಳ್ಳುತ್ತಾರೆ.

ಒಂದು ಸ್ಟಿಕ್ಕರಿನ ಬಗ್ಗೆ

"180 ಗ್ರಾಂ" ಅಂತ ಕವರಿನ ಮೇಲೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ನೂರಾರು ರೂಪಾಯಿ ಹೆಚ್ಚು ಕೇಳುತ್ತಾರೆ. ಮಾಮೂಲಿ ತಟ್ಟೆ 120ರಿಂದ 140 ಗ್ರಾಂ ತೂಗುತ್ತದೆ. ಗೆರೆಯ ಆಳ ಎರಡರಲ್ಲೂ ಅದೇ. ಕೈಯಲ್ಲಿ ಹಿಡಿದಾಗ ಗಟ್ಟಿ ಅನ್ನಿಸುತ್ತದೆ, ನಿಜ. ವಿದೇಶದಿಂದ ತರಿಸಿದರೆ ಪಾರ್ಸಲ್ ತೂಕವೂ ಗಟ್ಟಿಯಾಗುತ್ತದೆ. ಸದ್ದಿಗಾಗಿ ಅದಕ್ಕೆ ದುಡ್ಡು ಕೊಡಬೇಡಿ.

ಹಾಗಾದರೆ ಯಾರಿಗೆ ಯಾವುದು

ನಮ್ಮಲ್ಲಿ ವಿದೇಶಿ ಆಲ್ಬಮ್ಮಿನ ಒಂಟಿ ಎಲ್‌ಪಿಗೆ ನಾನು ಈಚೆಗೆ ಕೊಟ್ಟದ್ದು ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ, ಜೋಡಿಗೆ ನಾಲ್ಕರ ಮೇಲೆ. ಬಣ್ಣಕ್ಕೆ ಐನೂರು, ಸಾವಿರ ಹೆಚ್ಚು. ಈ ಅಳತೆ ಇಟ್ಟುಕೊಂಡು ನೋಡಿ.

ತಿಂಗಳಿಗೆ ಒಂದು ಕೊಳ್ಳುವಷ್ಟೂ ಕಷ್ಟ, ಕೊಂಡದ್ದನ್ನು ನೂರು ಸಲ ಕೇಳುತ್ತೀರಿ ಅಂದರೆ ಕಪ್ಪು. ಬಣ್ಣಕ್ಕೆ ಕೊಡುವ ಹೆಚ್ಚಿನ ದುಡ್ಡು ನಾಲ್ಕು ಸಲ ಉಳಿದರೆ ಇನ್ನೊಂದು ಆಲ್ಬಮ್ ಬರುತ್ತದೆ. ಕೇಳುವುದೂ ಬೇಕು, ತಿರುಗುವಾಗ ಕಣ್ಣಿಗೂ ಹಬ್ಬ ಬೇಕು ಅಂದರೆ ಒಂದೇ ಬಣ್ಣದ್ದು ಅಥವಾ ಪಾರದರ್ಶಕ. ಬೆಲೆಯ ಅಂತರ ಐನೂರರ ಒಳಗಿದ್ದರೆ ನಾನೂ ಇದನ್ನೇ ಆರಿಸುತ್ತೇನೆ. ಯಾರಿಗೋ ಹುಟ್ಟುಹಬ್ಬಕ್ಕೆ ಕೊಡುವುದಾದರೆ ಓಕುಳಿ ಅಥವಾ ಮಾರ್ಬಲ್, ಕವರಿನಿಂದ ತೆಗೆದಾಗ ಮುಖ ಅರಳುವುದು ಅದಕ್ಕೇ. ಗೋಡೆಗಾದರೆ ಚಿತ್ರದ ತಟ್ಟೆ. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಒಂದೇ ಒಂದು ಆಲ್ಬಮ್ ಇದ್ದು ಅದರ ಚಿತ್ರದ ತಟ್ಟೆ ಬೇಕೇ ಬೇಕು ಅನ್ನಿಸಿದರೆ, ಕೇಳಲು ಕಪ್ಪನ್ನೂ ತಗೊಳ್ಳಿ. ಅದು ದುಂದು ಅಂತ ನನಗೆ ಅನ್ನಿಸುವುದಿಲ್ಲ. ಅದೇ ಆಲ್ಬಮ್ಮಿನ ಐದು ಬಣ್ಣ ಕೊಳ್ಳುವುದು ದುಂದು.

ಮುಂದೆ ಬೆಲೆ ಏರುತ್ತದೆ ಅಂತ ಕೊಳ್ಳುವವರಿಗೆ ಒಂದು ಮಾತು. "ಲಿಮಿಟೆಡ್" ಅನ್ನುವ ಪದಕ್ಕೆ ಅಂಕಿ ಇಲ್ಲದಿದ್ದರೆ ಅರ್ಥವಿಲ್ಲ. ಐನೂರು ಪ್ರತಿಯೂ ಲಿಮಿಟೆಡ್, ಐವತ್ತು ಸಾವಿರವೂ ಲಿಮಿಟೆಡ್. ರೆಕಾರ್ಡು ಮಾರುವ-ಕೊಳ್ಳುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಆ ಬಣ್ಣದ ಪ್ರತಿ ಈಗಾಗಲೇ ಎಷ್ಟಕ್ಕೆ ಮಾರಾಟವಾಗಿದೆ ಅನ್ನುವ ದಾಖಲೆ ಸಿಗುತ್ತದೆ. ಮಾರುವವನು ಕೇಳುವ ಬೆಲೆಯನ್ನು ಬಿಟ್ಟು ಆ ದಾಖಲೆಯನ್ನು ನೋಡಿ. ಬಂದ ವಾರ ದುಪ್ಪಟ್ಟಾಗಿ, ಆರು ತಿಂಗಳಿಗೆ ಅಂಗಡಿಯ ಡಿಸ್ಕೌಂಟ್ ಡಬ್ಬಿಗೆ ಇಳಿದ ಬಣ್ಣಗಳನ್ನು ಬೇಕಾದಷ್ಟು ಕಂಡಿದ್ದೇನೆ. ಹಳೆಯದನ್ನು ಕೊಳ್ಳುವಾಗ ಹಾಡು ಮುಗಿದ ಮೇಲಿನ ಖಾಲಿ ಪಟ್ಟಿಯಲ್ಲಿ ಕೆತ್ತಿದ ಅಕ್ಷರ-ಅಂಕಿಗಳ ಫೋಟೊ ಕೇಳಿ. ಎರಡು ಬಣ್ಣದಲ್ಲಿ ಅದು ಒಂದೇ ಆಗಿದ್ದರೆ ಅವು ಒಂದೇ ಮೂಲದವು, ಅಗ್ಗದ್ದನ್ನು ತಗೊಳ್ಳಿ.

ನಮ್ಮ ಹವೆಗೆ ಸಂಬಂಧಿಸಿದ್ದು ಕೊನೆಯದು. ಬಣ್ಣ ಯಾವುದಾದರೂ ಪಿವಿಸಿಗೆ ಬಿಸಿಲು ಶತ್ರು. ಏಪ್ರಿಲ್ ಮಧ್ಯಾಹ್ನ ಗೇಟಿನ ಹತ್ತಿರ ಮೂರು ಗಂಟೆ ಬಿದ್ದಿದ್ದ ನನ್ನ ಒಂದು ಪಾರ್ಸಲ್ ತೆರೆದಾಗ ತಟ್ಟೆ ಹಪ್ಪಳದ ಹಾಗೆ ಮುದುರಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟರೂ ಇದೇ ಗತಿ. ಬೇಸಿಗೆಯಲ್ಲಿ ಆರ್ಡರ್ ಮಾಡಿದರೆ ಆಫೀಸಿನ ವಿಳಾಸ ಕೊಡಿ. ಗೋಡೆಗೆ ಹಾಕುವ ತಟ್ಟೆಯನ್ನೂ ಬಿಸಿಲು ಬೀಳದ ಗೋಡೆಗೇ ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಕಪಾಟಿನ ಬಾಗಿಲು ಆಗಾಗ ತೆರೆದಿಡಬೇಕು. ತಟ್ಟೆಗೆ ಬೂಷ್ಟು ಹಿಡಿದರೆ ತೊಳೆಯಬಹುದು, ಕವರಿನ ಕಾಗದಕ್ಕೆ ಹಿಡಿದರೆ ಹೋಯಿತು. ಬಣ್ಣದ ತಟ್ಟೆಯಲ್ಲಿ ಮರುಮಾರಾಟದ ಬೆಲೆಯ ದೊಡ್ಡ ಪಾಲು ಆ ಕವರಿನದ್ದೇ.

ಅಕ್ಕನ ಮಗ ಕೊನೆಗೆ ಪಾರದರ್ಶಕದ್ದನ್ನು ತರಿಸಿದ. ಅವನ ತಂಗಿ ಹಠ ಹಿಡಿದು ಗಾಯಕಿಯ ಮುಖ ಇರುವುದನ್ನು ತರಿಸಿಕೊಂಡಳು. ಅವಳ ಹಾಸ್ಟೆಲಿನಲ್ಲಿ ಪ್ಲೇಯರ್ ಇಲ್ಲ. ಅವಳದ್ದು ಹಾಸಿಗೆಯ ಮೇಲಿನ ಗೋಡೆಯಲ್ಲಿದೆ, ಇವನದ್ದಕ್ಕೆ ಈಗಾಗಲೇ ಬಿ ಬದಿಯ ಮೂರನೆಯ ಹಾಡಿನಲ್ಲಿ ಒಂದು ಗೀರು.